ಪದ ಪರಿಚಯ: ಕಲ್ಲು ಕೂರಿಸುವುದು

ಮೈಸೂರಿನ ಅಶೋಕ ರಸ್ತೆಯ ಒಡವೆ ಅಂಗಡಿಗೆ ಹೋಗಿ ಕಲ್ಲಿನ ಓಲೆ ಕೇಳಿದರೆ, 'ಓಪನ್ ಸೆಟ್ಟಿಂಗಾ, ಕ್ಲೋಸ್ ಸೆಟ್ಟಿಂಗಾ?' ಅನ್ನುವ ಪ್ರಶ್ನೆ ಬರಬಹುದು. ಅರ್ಥವಾಗದೆ ಸುಮ್ನೆ ತಲೆಯಾಡಿಸುವವರೇ ಜಾಸ್ತಿ. ಸೆಟ್ಟಿಂಗ್ ಅಂದರೆ ಕಲ್ಲು ಕೂರಿಸುವ ಬಗೆ. ಒಡವೆ ಕೆಲಸ ಕಲಿಯಲು ಹೊರಟವರೂ ಮೊದಲು ತಿಳಿಯಬೇಕಾದ ಮಾತು ಇದೇ.

ಕಲ್ಲನ್ನು ಅಂಟಿಸಿರುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಫ್ಯಾನ್ಸಿ ಸ್ಟೋರಿನ ಸರದಲ್ಲಿ ಅದು ನಿಜ ಇರಬಹುದು. ಚಿನ್ನ, ಬೆಳ್ಳಿಯಲ್ಲಿ ಲೋಹವೇ ಕಲ್ಲನ್ನು ಹಿಡಿದುಕೊಳ್ಳಬೇಕು. ಕಲ್ಲಿನ ಅಳತೆಗೆ ಜಾಗ ಮಾಡಿ, ಕಲ್ಲಿಟ್ಟು, ಅಂಚಿನ ಲೋಹವನ್ನು ಅದರ ಮೇಲೆ ಬಾಗಿಸುತ್ತಾರೆ.

ಓಪನ್ ಸೆಟ್ಟಿಂಗಿನಲ್ಲಿ ಕಲ್ಲಿನ ಹಿಂಭಾಗ ತೆರೆದಿರುತ್ತದೆ. ಮೇಲೆ ನಾಲ್ಕಾರು ಸಣ್ಣ ಕಡ್ಡಿಗಳು ಹಿಡಿದಿರುತ್ತವೆ. ಕೊಳೆ ತೊಳೆಯಲು ಸುಲಭ, ಒಡವೆ ತಿರುಗಿಸಿ ಕಲ್ಲಿನ ಹಿಂಭಾಗವನ್ನೂ ನೋಡಬಹುದು. ಸೀರೆಯ ಜರಿಗೆ ಸಿಕ್ಕಿಕೊಳ್ಳುವುದೂ ಇದೇ. ಕ್ಲೋಸ್‌ನಲ್ಲಿ ಹಿಂದೆ ತಗಡು ಮುಚ್ಚಿರುತ್ತದೆ. ಅಜ್ಜಿಯರ ಏಳು ಕಲ್ಲಿನ ಓಲೆಗಳು ಬಹುಪಾಲು ಹೀಗೇ. ನೋಡಲು ಗಟ್ಟಿ, ಆದರೆ ಒಳಗೆ ಹೊಳೆಯುವ ಹಾಳೆ ಇಟ್ಟು ಮಂಕು ಕಲ್ಲಿಗೂ ಬಣ್ಣ ಬರಿಸಬಹುದು. ಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು.

ಕುಂದಣ ಬೇರೆಯದೇ ಜಾಣತನ. ಒಡವೆಯ ಗೂಡಿಗೆ ಅರಗು ತುಂಬಿ, ಕಲ್ಲಿಟ್ಟು, ಸುತ್ತಲಿನ ಸಂದಿಗೆ 24 ಕ್ಯಾರೆಟ್ ಚಿನ್ನದ ತೆಳು ಹಾಳೆಯನ್ನು ಪದರ ಪದರವಾಗಿ ಒತ್ತುತ್ತಾರೆ. ಅಪ್ಪಟ ಚಿನ್ನಕ್ಕೆ ಒಂದು ಗುಣ ಇದೆ. ಶುಚಿಯಾಗಿದ್ದರೆ ಬರೀ ಒತ್ತಡಕ್ಕೇ ಒಂದು ಪದರ ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಬೆಸುಗೆ ಬೇಕಿಲ್ಲ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಕುಂದಣದ ಒಡವೆಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಒಟ್ಟು ತೂಕದಲ್ಲಿ ಅರಗೆಷ್ಟು, ಕಲ್ಲೆಷ್ಟು ಅಂತ ನಾಚಿಕೆ ಬಿಟ್ಟು ಕೇಳಿ.

ಕಲ್ಲು ಕಳಚುವುದು ದೊಡ್ಡವರ ಒಡವೆಗೂ ತಪ್ಪಿದ್ದಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯ ವೈರಮುಡಿ ಗೊತ್ತಲ್ವಾ? ಗರುಡ ಆ ಕಿರೀಟ ತರುವಾಗ ಅದರ ನೀಲಮಣಿ ದಾರಿಯಲ್ಲೇ, ಈಗಿನ ತಮಿಳುನಾಡಿನಲ್ಲಿ, ಬಿದ್ದುಹೋಯಿತು ಅಂತ ಕಥೆ ಇದೆ.

ಇನ್ನು ಕಲಿಯುವವರ ವಿಷಯ. ಚಿನ್ನಕ್ಕೆ ಕೈ ಹಾಕಬೇಡಿ, ಬೆಳ್ಳಿ ಸಾಕು. ಕಲ್ಲೂ ವಜ್ರದ ಹಾಗೆ ಮುಖ ಕೊಯ್ದದ್ದು ಬೇಡ. ತಳ ಚಪ್ಪಟೆಯಾಗಿ ಮೇಲೆ ಉಬ್ಬಿರುವ ಅಗೇಟ್ ಅನ್ನುವ ಕಲ್ಲು ತಗೊಳ್ಳಿ. ಇಂಥ ಕಲ್ಲಿಗೆ ಕ್ಯಾಬೊಷನ್ ಅನ್ನುತ್ತಾರೆ. ಇದನ್ನು ಕೂರಿಸುವುದು ಬೆಜೆಲ್‌ನಲ್ಲಿ, ಅಂದರೆ ಕಲ್ಲಿನ ಸುತ್ತ ನಿಲ್ಲುವ ಬೆಳ್ಳಿ ಪಟ್ಟಿಯ ಗೋಡೆಯಲ್ಲಿ. ಗೋಡೆಗೆ 999 ಬೆಳ್ಳಿ, ಅಂದರೆ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ ಒಳ್ಳೆಯದು, ಮೆತ್ತಗೆ ಬಾಗುತ್ತದೆ. ತಳಕ್ಕೆ ಬೇರೆ ಲೋಹ ಬೆರೆತ 925 ಬೆಳ್ಳಿ ಗಟ್ಟಿ. ಪಟ್ಟಿಯ ದಪ್ಪ ಸುಮಾರು 0.3 ಮಿ.ಮೀ. ಇರಲಿ.

ಪಟ್ಟಿಯನ್ನು ಕಲ್ಲಿಗೆ ಸುತ್ತಿ, ಎರಡು ತುದಿ ಸರಿಯಾಗಿ ತಾಗುವಂತೆ ಅರದಿಂದ ಉಜ್ಜಬೇಕು. ಬೆಳಕಿಗೆ ಹಿಡಿದಾಗ ಸಂದು ಕಂಡರೆ ಮತ್ತೆ ಉಜ್ಜಿ. ಬೆಸುಗೆ, ಅಂದರೆ ಕೂಡಿಸಲು ಕರಗಿಸುವ ಲೋಹ, ಆ ಸಂದನ್ನು ತುಂಬುವುದಿಲ್ಲ. ಆಮೇಲೆ ಬಿಳಿಗಾರ ಹಚ್ಚಿ, ಬಿಸಿ ಮಾಡಿ ಬೆಸೆಯುವುದು. ತಳಕ್ಕೆ ಕೂಡಿಸುವಾಗ ಇನ್ನೂ ಕಡಿಮೆ ಬಿಸಿಗೆ ಕರಗುವ ಬೆಸುಗೆ ಬಳಸಿ. ಇಲ್ಲದಿದ್ದರೆ ಮೊದಲು ಹಾಕಿದ್ದೂ ಬಿಟ್ಟುಕೊಳ್ಳಬಹುದು. ಬೆಂಕಿಯ ಕೆಲಸವೆಲ್ಲ ಮುಗಿದ ಮೇಲೆಯೇ ಕಲ್ಲು. ಪಚ್ಚೆ, ಹವಳ, ಓಪಲ್ ಬಿಸಿ ತಡೆಯುವುದಿಲ್ಲ.

ಕಲ್ಲು ಸರಿಯಾಗಿ ಇಳಿಯುತ್ತದಾ ಅಂತ ನೋಡುವಾಗ ಕೆಳಗೆ ಹೂ ಕಟ್ಟುವ ದಾರ ಒಂದೆಳೆ ಹಾಯಿಸಿಡಿ. ಕಲ್ಲು ಒಳಗೇ ಸಿಕ್ಕಿಕೊಂಡರೆ ದಾರದ ಎರಡೂ ತುದಿ ಹಿಡಿದು ಎತ್ತಬಹುದು. ಅದಿಲ್ಲದೆ ಸೂಜಿಯಿಂದ ಮೀಟಲು ಹೋದರೆ ಬೆಳ್ಳಿಯ ಅಂಚು ಹಾಳು.

ಗೋಡೆಯನ್ನು ಒತ್ತುವುದರಲ್ಲೇ ನಿಜವಾದ ಕಸುಬು. ಒಂದು ಕಡೆಯಿಂದ ಶುರು ಮಾಡಿ ಸುತ್ತ ಒತ್ತಿಕೊಂಡು ಬಂದರೆ ಕೊನೆಯಲ್ಲಿ ಬೆಳ್ಳಿ ಸುಕ್ಕುಗಟ್ಟಿ ನಿಲ್ಲುತ್ತದೆ, ಎಷ್ಟು ಒತ್ತಿದರೂ ಕೂರುವುದಿಲ್ಲ. ಗಡಿಯಾರದ 12ರ ಜಾಗ ಒತ್ತಿ, ನೇರ ಎದುರಿನ 6, ಆಮೇಲೆ 3, 9. ನಡುವಿನ ಜಾಗಗಳು ನಂತರ. ಕೊನೆಗೆ ನುಣುಪಾದ ಉಕ್ಕಿನ ಕಡ್ಡಿಯಿಂದ ಅಂಚನ್ನು ತೀಡಿದರೆ ಗೋಡೆ ಕಲ್ಲಿಗೆ ಅಂಟಿಕೊಂಡಂತೆ ಕಾಣುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಟಿಕ್ ಅಂದರೆ ಇನ್ನೂ ಕೂತಿಲ್ಲ.

ಅಂಟಿನ ಮಾತಿಗೆ ಒಂದು ತಿದ್ದುಪಡಿ ಬೇಕು. ಮುತ್ತು ಮೆತ್ತನೆಯದು, ಒತ್ತಿದರೆ ಗೀರು ಬೀಳುತ್ತದೆ. ಹಾಗಾಗಿ ಉಂಗುರದ ಮುತ್ತಿಗೆ ಸಾಮಾನ್ಯವಾಗಿ ಅರ್ಧದವರೆಗೆ ತೂತು ಕೊರೆದು, ಸಣ್ಣ ಕಡ್ಡಿಗೆ ಸಿಕ್ಕಿಸಿ ಅಂಟಿಸುತ್ತಾರೆ. ಅಲ್ಲಿ ಅಂಟು ಮೋಸವಲ್ಲ, ಪದ್ಧತಿ. ಮುತ್ತು ಕಳಚಿ ಬಂದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಹಳೇ ಅಂಟು ಕೆರೆದು ಹೊಸದು ಹಾಕಿದರೆ ಆಯಿತು.