ಮೂಳೆಗೊಂದು ಸಾರುವೆ

ಕೋಳಿ ಕಾಲಿನ ಮೂಳೆಯೊಂದನ್ನು ತೊಳೆದು ವಿನೆಗರ್‌ನಲ್ಲಿ ಮುಳುಗಿಸಿಡಿ. ಕೆಲವು ದಿನ ಬಿಟ್ಟು ತೆಗೆದರೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಬೆಳ್ಳಗಾಗುವಷ್ಟು ಸುಡಿ. ಆಕಾರ ಹಾಗೇ ಇರುತ್ತದೆ, ಆದರೆ ಒತ್ತಿದರೆ ಪುಡಿಪುಡಿ. ವಿನೆಗರ್ ಖನಿಜವನ್ನು ಕರಗಿಸಿ ಕೊಲಾಜೆನ್ ಎಂಬ ಪ್ರೋಟೀನನ್ನು ಬಿಟ್ಟಿತು. ಬೆಂಕಿ ಕೊಲಾಜೆನ್ ಸುಟ್ಟು ಖನಿಜ ಬಿಟ್ಟಿತು. ಮೂಳೆಗೆ ಎರಡೂ ಬೇಕು.

ಕೊಲಾಜೆನ್ ಅಂದರೆ ಮೂರು ಎಳೆಗಳ ಜಡೆ. ಇದನ್ನು 1954–55ರಲ್ಲಿ ಬಿಡಿಸಿ ತೋರಿಸಿದವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಶಿಷ್ಯರಾಗಿದ್ದವರು. ಅವರ ಪ್ರಯೋಗಕ್ಕೆ ಒದಗಿದ್ದು ಕಾಂಗರೂ ಬಾಲದ ಸ್ನಾಯುರಜ್ಜು!

ಈ ಎಳೆಗಳ ಮೇಲೂ ನಡುವೆಯೂ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ಫಾಸ್ಫೇಟ್ ಖನಿಜದ ಹರಳುಗಳು ಕೂತಿರುತ್ತವೆ. ಅವುಗಳ ದಪ್ಪ ಕೆಲವೇ ನ್ಯಾನೊಮೀಟರ್. ನಮ್ಮ ಕೂದಲಿನದ್ದು ಸುಮಾರು 80,000. ನ್ಯಾನೊ ಅಂದರೆ ಲ್ಯಾಬಿನಲ್ಲಿ ಹುಟ್ಟಿದ್ದು ಅಂತ ಅಂದ್ಕೊಂಡಿದ್ದೆವು, ಅಲ್ವಾ? ಅದು ಮೊದಲಿನಿಂದಲೂ ಮೊಣಕಾಲಲ್ಲೇ ಇತ್ತು.

ಸಣ್ಣ ಬಿರುಕು ತಾನೇ ಕೂಡಿಕೊಳ್ಳುತ್ತದೆ. ಅಪಘಾತದಲ್ಲೋ ಗೆಡ್ಡೆ ತೆಗೆದಾಗಲೋ ದೊಡ್ಡ ತುಂಡೇ ಹೋದರೆ ಕಷ್ಟ. ಸೊಂಟದ ಮೂಳೆ ಕೆತ್ತಿ ತುಂಬುವುದು ಹಳೆಯ ದಾರಿ. ಆದರೆ ಅಲ್ಲೂ ಒಂದು ಗಾಯ, ಸಿಗುವುದೂ ಸ್ವಲ್ಪವೇ.

ಅದಕ್ಕೇ ಸಾರುವೆ ಕಟ್ಟುವ ಯೋಚನೆ. ಕೊಲಾಜೆನ್ ದ್ರಾವಣವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ಆವಿಯಾಗಿಸುತ್ತಾರೆ. ಮಂಜಿದ್ದ ಜಾಗವೆಲ್ಲ ತೂತು, ಸೆಟ್ ದೋಸೆಯ ಹಾಗೆ. ಜೀವಕೋಶಗಳೂ ರಕ್ತನಾಳಗಳೂ ಆ ತೂತುಗಳಲ್ಲೇ ನುಗ್ಗಬೇಕು. ಬರೀ ಕೊಲಾಜೆನ್ ಸ್ಪಂಜು ಒದ್ದೆಯಾದರೆ ಮೆತ್ತಗಾಗಿ ಕುಸಿಯುತ್ತದೆ. ಹಾಗಾಗಿ ರಕ್ತದಲ್ಲಿರುವಂಥ ಲವಣಗಳಿರುವ ನೀರಿನಲ್ಲಿ ಅದನ್ನು ನೆನೆಸಿಡುತ್ತಾರೆ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಎಳೆಗಳ ಮೇಲೆ ನ್ಯಾನೊ ಹರಳುಗಳ ಲೇಪ ಬೆಳೆಯುತ್ತದೆ. ಸ್ಪಂಜು ಗಟ್ಟಿಯಾಗುತ್ತದೆ, ಮೂಳೆ ಕಟ್ಟುವ ಕೋಶಗಳಿಗೆ ಅಂಟಿಕೊಳ್ಳಲು ಪರಿಚಿತ ನೆಲವೂ ಸಿಗುತ್ತದೆ. ಸೋಂಕು ತಡೆಯಲು ಬೆಳ್ಳಿಯ ಕಣ ಸೇರಿಸುವವರೂ ಇದ್ದಾರೆ. ಜಾಸ್ತಿಯಾದರೆ ಅದು ಮೂಳೆಯ ಕೋಶಗಳನ್ನೂ ಬಿಡುವುದಿಲ್ಲ.

ಇಷ್ಟಾದರೂ ತೊಡೆಯಂಥ ಭಾರ ಹೊರುವ ಕಡೆ ಸ್ಪಂಜೊಂದೇ ಸಾಲದು. ರಾಡ್, ಪ್ಲೇಟು ಬೇಕೇ ಬೇಕು. ನನಗೆ ನಿಜವಾದ ಒಗಟು ಅನ್ನಿಸುವುದು ಸಮಯದ್ದು. ಮನೆ ಕಟ್ಟುವಾಗ ಗೋಡೆ ಎದ್ದ ಮೇಲೆ ಮೇಸ್ತ್ರಿ ಸಾರುವೆ ಬಿಚ್ಚಿಸುತ್ತಾನೆ. ಇಲ್ಲಿ ಬಿಚ್ಚುವ ಕೆಲಸ ನಮ್ಮ ಕೋಶಗಳದ್ದೇ, ಕೊಲಾಜೆನ್ನನ್ನು ಮೆಲ್ಲಗೆ ಅರಗಿಸುತ್ತಾ. ಅದು ಬೇಗ ಕರಗಿದರೆ ಹೊಸ ಮೂಳೆಗೆ ಆಸರೆಯಿಲ್ಲ. ತಡವಾದರೆ ಜಾಗವಿಲ್ಲ. ಇಪ್ಪತ್ತರ ಹುಡುಗನಿಗೆ ಸರಿಹೋದ ಲೆಕ್ಕ ಎಪ್ಪತ್ತರ ಅಜ್ಜಿಗೆ ಸರಿಹೋಗಬೇಕೆಂದೇನೂ ಇಲ್ಲ.