ಹಡಗು ಬದಲಿಸುವ ಊರು

ಸಿಂಗಾಪುರದಲ್ಲಿ 1987ರಲ್ಲಿ ಬಂದ ಒಂದು ಡಾಲರ್ ನಾಣ್ಯದ ಮೇಲೆ ಎಂಟು ಮೂಲೆಯ ಚೌಕಟ್ಟಿತ್ತು. ಅದೇ ವರ್ಷ ಅಲ್ಲಿ ಮೆಟ್ರೊ ಓಡಲು ಶುರುವಾಯಿತು. ಸುರಂಗ ಕೊರೆದು ಊರಿನ ಫೆಂಗ್ ಶೂಯಿ, ಅಂದರೆ ಚೀನೀ ವಾಸ್ತು, ಕೆಟ್ಟಿತಂತೆ. ಅದಕ್ಕೆ ಪರಿಹಾರವಾಗಿ ಎಲ್ಲರ ಜೇಬಿಗೂ ಅಷ್ಟಕೋನ ಹಾಕಿದರಂತೆ. ಅದರಿಂದಲೇ ಐಶ್ವರ್ಯ ಬಂತಂತೆ! ಹಾಗಾದರೆ ಅದಕ್ಕೂ ಮೊದಲಿನ ನೂರರವತ್ತು ವರ್ಷ ಆ ಬಂದರು ಯಾವ ನಾಣ್ಯ ನಂಬಿಕೊಂಡು ದುಡಿಯಿತೋ.

ಇನ್ನೊಂದು ಕಥೆ ಇದಕ್ಕಿಂತ ಜಾಸ್ತಿ ಓಡುತ್ತದೆ: 1965ರಲ್ಲಿ ಅದು ಬರೀ ಬೆಸ್ತರ ಹಳ್ಳಿಯಾಗಿತ್ತು ಅಂತ. ಆಗಲೇ ಅಲ್ಲಿ ಸುಮಾರು 19 ಲಕ್ಷ ಜನರಿದ್ದರು. ಹಳ್ಳಿ ನೋಡಬೇಕೆಂದರೆ 1819ಕ್ಕೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ ದಡಕ್ಕಿಳಿದಾಗ ದ್ವೀಪದಲ್ಲಿದ್ದವರು ಸಾವಿರದ ಆಸುಪಾಸು. 1824ರ ಜನಗಣತಿಯ ಹೊತ್ತಿಗೆ ಹತ್ತು ಸಾವಿರ ದಾಟಿದ್ದರು. ಸುಂಕವಿಲ್ಲದ ಬಂದರು ಎಂಬುದು ಒಂದು ಕಾರಣ. ಇನ್ನೊಂದು, ಗಾಳಿ.

ಗಾಳಿಯ ವಿಷಯ ನನಗೆ ಇಷ್ಟ, ಸ್ವಲ್ಪ ತಾಳಿಕೊಳ್ಳಿ. ನೆಲವೆಂದರೆ ದೋಸೆ ಕಾವಲಿ. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರ ಬಚ್ಚಲುಮನೆಯ ಹಂಡೆ. ಕಾಯಲೂ ನಿಧಾನ, ಆರಲೂ ನಿಧಾನ. ಚಳಿಗಾಲದಲ್ಲಿ ಏಷ್ಯಾದ ನೆಲ ತಣ್ಣಗಾದಾಗ ಅಲ್ಲಿನ ಭಾರದ ಗಾಳಿ ಬೆಚ್ಚಗಿನ ಕಡಲ ಕಡೆಗೆ ಹರಿಯುತ್ತದೆ. ಆ ಗಾಳಿಗೆ ಹಾಯಿ ಬಿಚ್ಚಿ ಚೀನೀ ಹಡಗುಗಳು ದಕ್ಷಿಣಕ್ಕೆ ಬರುತ್ತಿದ್ದವು. ವಾಪಸ್ ಹೋಗಬೇಕೆಂದರೆ ಕಾವಲಿ ಮತ್ತೆ ಕಾಯಬೇಕು, ಗಾಳಿ ತಿರುಗಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಈಗಿನ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಬುಗಿಸ್ ವ್ಯಾಪಾರಿಗಳು ಬರುತ್ತಿದ್ದುದು ಬೇರೆ ಗಾಳಿಗೆ, ಬೇರೆ ತಿಂಗಳಲ್ಲಿ. ಅರಸೀಕೆರೆ ಜಂಕ್ಷನ್ನಿನಲ್ಲಿ ಮುಂದಿನ ರೈಲಿಗೆ ಕಾದವರಿಗೆ ಗೊತ್ತು, ಕಾಯುವ ಜನರಿದ್ದಲ್ಲಿ ಇಡ್ಲಿ-ವಡೆಯ ವ್ಯಾಪಾರವೂ ಇರುತ್ತದೆ. ಇಲ್ಲಿ ಕಾಯುವುದು ಗಂಟೆಯಲ್ಲ, ತಿಂಗಳು. ಹಾಗಾಗಿ ಗೋದಾಮು, ಸಾಲ ಕೊಡುವವರು, ಗುಡಿ, ದರ್ಗಾ ಎಲ್ಲವೂ ಎದ್ದವು.

ಆಮೇಲೆ ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಗಾಳಿಗೆ ಕಾಯುವ ಕೆಲಸವೇ ಇಲ್ಲವಾಯಿತು. ಬಂದರು ಸೊರಗಬೇಕಿತ್ತು, ಅಲ್ವಾ? ಸೊರಗಲಿಲ್ಲ. ಹಿಂದೂ ಮಹಾಸಾಗರಕ್ಕೂ ದಕ್ಷಿಣ ಚೀನಾ ಸಮುದ್ರಕ್ಕೂ ಹತ್ತಿರದ ದಾರಿ ಮಲಾಕ್ಕಾ ಜಲಸಂಧಿ. ಅದರ ಬಾಯಲ್ಲೇ ಈ ಊರು ಕೂತಿದೆ. ಜೊತೆಗೆ ಒಂದು ಸಣ್ಣ ಲೆಕ್ಕವಿದೆ. ಹತ್ತು ಬಂದರುಗಳು ಪರಸ್ಪರ ನೇರವಾಗಿ ಹಡಗು ಬಿಡಬೇಕೆಂದರೆ 45 ಮಾರ್ಗ ಬೇಕು. ನಡುವೆ ಒಂದು ಜಂಕ್ಷನ್ ಇಟ್ಟರೆ ಹತ್ತೇ ಸಾಕು. ನೂರು ಬಂದರಾದರೆ 4,950ರ ಬದಲು ನೂರು. ಎಲ್ಲ ಊರಿನಿಂದ ಎಲ್ಲ ಊರಿಗೂ ಬಸ್ ಬಿಡುವ ಬದಲು ಮೆಜೆಸ್ಟಿಕ್‌ನಲ್ಲಿ ಇಳಿಸಿ ಹತ್ತಿಸಿದ ಹಾಗೆ. ಹೊಸ ಮಾರ್ಗ ಸೇರಿದಷ್ಟೂ ಜಂಕ್ಷನ್‌ಗೆ ಬರುವ ಆಸೆ ಉಳಿದವರಿಗೂ ಹೆಚ್ಚುತ್ತದೆ.

ಆದರೆ ಇಳಿಸಿ ಹತ್ತಿಸುವುದು ಅಗ್ಗವಾಗಬೇಕಲ್ಲ! ಚೀಲ ಚೀಲ ಹೊತ್ತರೆ ಆಗದು. ಕಂಟೇನರ್‌ನ ಎಂಟು ಮೂಲೆಯಲ್ಲೂ ಉಕ್ಕಿನ ದಪ್ಪ ತುಂಡಿದೆ, ಅದರಲ್ಲಿ ಮೊಟ್ಟೆಯಾಕಾರದ ತೂತು. ಕ್ರೇನಿನ ಕೊಂಡಿ ಮೇಲಿನ ನಾಲ್ಕು ತೂತಿಗೆ ಇಳಿದು ಕಾಲು ಸುತ್ತು ತಿರುಗುತ್ತದೆ. ಬೀಗ ಬಿತ್ತು, ಪೆಟ್ಟಿಗೆ ಎದ್ದಿತು. (ಎಂಟು ಮೂಲೆಯ ಮಹಿಮೆ ಬೇಕೇ ಬೇಕು ಅನ್ನುವವರು ಇದನ್ನು ಪೂಜಿಸಬಹುದು.) 1972ರ ಜೂನ್‌ನಲ್ಲಿ ಸಿಂಗಾಪುರದ ತಂಜೊಂಗ್ ಪಗಾರ್ ಬಂದರುಕಟ್ಟೆಗೆ ಮೊದಲ ಕಂಟೇನರ್ ಹಡಗು ಬಂತು. 2024ರಲ್ಲಿ ಈ ಬಂದರು ಇಳಿಸಿ ಹತ್ತಿಸಿದ್ದು, ಇಪ್ಪತ್ತು ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ, 4.1 ಕೋಟಿ ದಾಟಿತು. ಅದರಲ್ಲಿ ಬಹುಪಾಲು ಊರೊಳಗೆ ಬರುವುದೇ ಇಲ್ಲ, ಸುಮ್ನೆ ಹಡಗು ಬದಲಿಸಿ ಹೋಗುತ್ತವೆ. ಭಾರತದ ಪೆಟ್ಟಿಗೆಗಳೂ ಅದರಲ್ಲಿವೆ.

ಈಗ ಬಂದರನ್ನೇ ಪೇಟೆಯ ಪಕ್ಕದಿಂದ ಪಶ್ಚಿಮದ ತುವಾಸ್‌ಗೆ ಎತ್ತಿ ಸಾಗಿಸುತ್ತಿದ್ದಾರೆ. ಅಲ್ಲಿ ಪೆಟ್ಟಿಗೆ ಹೊರುವ ಗಾಡಿಗಳಿಗೆ ಚಾಲಕರೇ ಇಲ್ಲ. ಹಳೆಯ ದಡ ಯಾವುದೆಂದು ನೋಡಬೇಕಾದರೆ ತೆಲೋಕ್ ಆಯರ್ ಬೀದಿಗೆ ಹೋಗಬೇಕು. ಕಡಲ ಪಯಣ ಮುಗಿಸಿ ಬದುಕಿ ಬಂದ ಚೀನೀಯರು ಕಡಲದೇವಿ ಮಾಜುಗೆ ಕೈಮುಗಿಯುತ್ತಿದ್ದ ಗುಡಿ ಅಲ್ಲಿದೆ. ಅದರ ಎದುರು ಆಗ ಅಲೆ ಬಡಿಯುತ್ತಿತ್ತು. ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ, ಈಗ ದೇವಿಗೆ ಕಾಣುವುದು ಆಫೀಸು ಕಟ್ಟಡಗಳು.