ಕ್ಯಾಲೆಂಡುಲ ಗಿಡ ಸೊಂಪಾಗಿಯೇ ಇದೆ, ಹೂ ಮಾತ್ರ ಏಕೆ ನಿಂತಿತು?

ಪ್ರಶ್ನೆ: ಕುಂಡದಲ್ಲಿ ಬೀಜ ಬಿತ್ತಿ ಕ್ಯಾಲೆಂಡುಲ ಬೆಳೆಸಿದ್ದೇನೆ. ಎರಡು ತಿಂಗಳಿಗೆ ಆರೇಳು ದೊಡ್ಡ ಕಿತ್ತಳೆ ಬಣ್ಣದ ಹೂಗಳು ಬಂದವು. ಗಿಡದಲ್ಲೇ ಚೆನ್ನಾಗಿ ಕಾಣುತ್ತವೆಂದು ಒಂದನ್ನೂ ಕೀಳಲಿಲ್ಲ. ಈಗ ಎಲೆಗಳು ಹಸಿರಾಗಿವೆ, ಆದರೆ ಹೊಸ ಮೊಗ್ಗು ಬರುತ್ತಿಲ್ಲ. ಬಂದ ಒಂದೆರಡು ಹೂಗಳೂ ಸಣ್ಣವು. ಗೊಬ್ಬರ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಏನು ಕಡಿಮೆಯಾಗಿದೆ?

ಉತ್ತರ: ಕತ್ತರಿ ಕಡಿಮೆಯಾಗಿದೆ. ‘ಒಂದನ್ನೂ ಕೀಳಲಿಲ್ಲ’ ಎಂದು ನೀವೇ ಬರೆದಿದ್ದೀರಿ; ತೊಂದರೆಯ ಬಹುಪಾಲು ಅಲ್ಲೇ ಇದೆ.

ಕ್ಯಾಲೆಂಡುಲ ಏಕವಾರ್ಷಿಕ ಗಿಡ. ಮೊಳೆತು, ಹೂ ಬಿಟ್ಟು, ಬೀಜ ಕಟ್ಟಿದರೆ ಅದರ ಬಾಳು ಮುಗಿದಂತೆ. ನಾವು ಹೂವಿಗಾಗಿ ಬೆಳೆಸುತ್ತೇವೆ, ಗಿಡ ಬೀಜಕ್ಕಾಗಿ ಬೆಳೆಯುತ್ತದೆ. ಮೊದಲ ಹೂಗಳು ಗಿಡದ ಮೇಲೆಯೇ ಬಲಿತು ಬೀಜವಾಗತೊಡಗಿದರೆ, ಎಲೆಗಳು ತಯಾರಿಸುವ ಆಹಾರವೆಲ್ಲ ಆ ಬೀಜಗಳತ್ತ ಹರಿಯುತ್ತದೆ. ಹೊಸ ಮೊಗ್ಗಿಗೆ ಉಳಿಯುವುದು ಅಷ್ಟಿಷ್ಟು. ಹೂವನ್ನು ಬೀಜವಾಗುವ ಮೊದಲೇ ಕತ್ತರಿಸಿದರೆ ಗಿಡ ಮತ್ತೆ ಮೊದಲಿನಿಂದ ಹೂ ಬಿಡಲು ಹೊರಡುತ್ತದೆ. ಈ ಹಟವನ್ನೇ ನಾವು ತಿಂಗಳುಗಟ್ಟಲೆ ಬಳಸಿಕೊಳ್ಳುವುದು.

ನಿಮ್ಮ ಗಿಡದಲ್ಲಿ ಇದೇ ನಡೆದಿದೆಯೇ ಎಂದು ನೋಡಿ ತಿಳಿಯಬಹುದು. ಕ್ಯಾಲೆಂಡುಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ನಾವು ‘ಒಂದು ಹೂ’ ಎನ್ನುವುದು ಹತ್ತಾರು ಪುಟ್ಟ ಹೂಗಳ ಕೂಟ. ಅಂಚಿನಲ್ಲಿ ಎಸಳಿನಂತೆ ಕಾಣುವ ಒಂದೊಂದೂ ಒಂದು ಹೆಣ್ಣು ಹೂ. ನಡುವಿನ ಬಿಲ್ಲೆಯಲ್ಲಿರುವ ಕಿರುಹೂಗಳು ಪರಾಗ ಕೊಡುತ್ತವೆ, ಬೀಜ ಕಟ್ಟುವುದಿಲ್ಲ. ಆದ್ದರಿಂದ ಎಸಳುಗಳು ಬಾಡಿ ಉದುರಿದ ಮೇಲೆ ಅಂಚಿನ ಸುತ್ತ ಮಾತ್ರ ಹಸಿರು ಬೀಜಗಳು ಬಾಗಿ ಸುರುಳಿಗಟ್ಟಿ ನಿಲ್ಲುತ್ತವೆ, ಮುದುರಿಕೊಂಡ ಮರಿಹುಳುಗಳಂತೆ. ಮೊದಲ ಸಲ ನೋಡಿದವರು ಗಿಡಕ್ಕೆ ಹುಳು ಬಿದ್ದಿದೆ ಎಂದು ಗಾಬರಿಯಾಗುವುದುಂಟು. ಇಂಥ ಹಸಿರು ಉಂಗುರಗಳು ನಿಮ್ಮ ಗಿಡದಲ್ಲಿ ಐದಾರು ಕಂಡರೆ ಬೇರೆ ಕಾರಣ ಹುಡುಕುವ ಮೊದಲು ಅವುಗಳನ್ನು ತೆಗೆಯಿರಿ.

ತೆಗೆಯುವುದರಲ್ಲೂ ಒಂದು ಕ್ರಮವಿದೆ. ಹೂವಿನ ತಲೆಯನ್ನಷ್ಟೇ ಚಿವುಟಿದರೆ ಬೋಳು ತೊಟ್ಟು ಉಳಿದು ಒಣಗಿ ಕೊಳೆಯುತ್ತದೆ, ಗಿಡವೂ ಅಂದಗೆಡುತ್ತದೆ. ತೊಟ್ಟನ್ನು ಹಿಡಿದು ಕೆಳಕ್ಕೆ ಬನ್ನಿ. ಮೊದಲು ಸಿಗುವ ಎಲೆ ಅಥವಾ ಪಕ್ಕದ ಚಿಗುರಿನ ತುಸು ಮೇಲೆ ಕತ್ತರಿಸಿ. ಮುಂದಿನ ಮೊಗ್ಗು ಹೊರಡುವುದು ಆ ಎಲೆಯ ಕಂಕುಳಿನಿಂದಲೇ. ಗಿಡ ಉದ್ದುದ್ದ ಬೆಳೆದು ಜೋಲುತ್ತಿದ್ದರೆ ಧೈರ್ಯವಾಗಿ ಮೂರನೆಯ ಒಂದು ಭಾಗದಷ್ಟು ಸವರಿಬಿಡಿ. ಮನಸ್ಸು ಹಿಂಜರಿಯುತ್ತದೆ, ನನಗೆ ಗೊತ್ತು. ಆದರೆ ಬೇರು ಗಟ್ಟಿಯಾಗಿದ್ದು ಹವೆ ತಂಪಾಗಿದ್ದರೆ ಕೆಲವೇ ವಾರಗಳಲ್ಲಿ ಪಕ್ಕದ ಕುಡಿಗಳು ಒಡೆದು ಮೊಗ್ಗು ಕಾಣಿಸಿಕೊಳ್ಳುತ್ತದೆ. ಆಮೇಲೆ ಹೂ ಬರುವ ಕಾಲದುದ್ದಕ್ಕೂ ಎರಡು ಮೂರು ದಿನಕ್ಕೊಮ್ಮೆ ಕೊಯ್ಯುತ್ತಿರಿ, ಮನೆಯೊಳಗೆ ಹೂದಾನಿಗೆ ಬೇಕಿದ್ದರೂ ಬೇಡವಾಗಿದ್ದರೂ.

ಕೊಯ್ಯಲು ಬೆಳಗಿನ ಹೊತ್ತು ಒಳ್ಳೆಯದು. ಇಬ್ಬನಿ ಆರಿರಬೇಕು, ಹೂ ಪೂರ್ತಿ ಅರಳಿರಬೇಕು. ಸಂಜೆಯಾದರೆ, ಮಳೆಮೋಡ ಕವಿದರೆ ಈ ಹೂ ಮುಚ್ಚಿಕೊಳ್ಳುತ್ತದೆ. ಆಗ ಹೊಸ ಹೂ ಯಾವುದು, ಮುಗಿದ ಹೂ ಯಾವುದು ಎಂದು ತಿಳಿಯುವುದಿಲ್ಲ. ನಾಲ್ಕು ಹೂ ಕೊಯ್ಯುವಷ್ಟರಲ್ಲಿ ಬೆರಳುಗಳಿಗೆ ಅಂಟು ಹತ್ತುತ್ತದೆ. ಅದು ರೋಗದ ಲಕ್ಷಣವಲ್ಲ. ಹೂವಿನ ಬುಡದ ಹಸಿರು ಭಾಗದಲ್ಲಿರುವ ರಾಳ ಅದು. ಮುಲಾಮು, ಎಣ್ಣೆಗಳಿಗಾಗಿ ಬೆಳೆಯುವವರು ಎಸಳುಗಳನ್ನಷ್ಟೇ ಕೀಳದೆ ಇಡೀ ಹೂವನ್ನು ಕೊಯ್ದು ನೆರಳಿನಲ್ಲಿ ಒಣಗಿಸುವುದು ಈ ರಾಳಕ್ಕಾಗಿಯೇ. ಸೇವಂತಿಯಂಥ ಹೂಗಳಿಂದ ಅಲರ್ಜಿಯಾಗುವವರು ಮಾತ್ರ ಇದನ್ನು ಚರ್ಮಕ್ಕೆ ಹಚ್ಚುವ ಮೊದಲು ಎಚ್ಚರವಹಿಸಬೇಕು.

ಕೊಯ್ದ ಮೇಲೂ ಹೂ ಬಾರದಿದ್ದರೆ ಬಿಸಿಲಿನ ಕಡೆ ನೋಡಿ. ಕ್ಯಾಲೆಂಡುಲ ಮೆಡಿಟರೇನಿಯನ್ ಸೀಮೆಯ ಗಿಡ; ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಹವೆ. ತಂಪಿನಲ್ಲಿ ಬೆಳೆದು, ಹೂ ಬಿಟ್ಟು, ಕಡುಬೇಸಿಗೆಗೆ ಮುನ್ನ ಬೀಜ ಉದುರಿಸಿ ಮುಗಿಸುವುದು ಅದರ ಹುಟ್ಟುಗುಣ. ತಿಂಗಳ ಮೊದಲ ದಿನಕ್ಕೆ ಲ್ಯಾಟಿನ್‌ನಲ್ಲಿ ‘ಕಲೆಂಡೇ’ ಎನ್ನುತ್ತಿದ್ದರು. ಪ್ರತಿ ತಿಂಗಳೂ ಹೂ ಕಾಣಿಸುವ ಗಿಡವೆಂದು ಈ ಹೆಸರು ಬಂತೆನ್ನುತ್ತಾರೆ. ಹೆಸರನ್ನು ನಂಬಿ ಕುಳಿತವರಿಗೆ ಬೇಸಿಗೆಯಲ್ಲಿ ನಿರಾಸೆ ಕಾದಿರುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಂತರೆ ಹೂ ಚಿಕ್ಕದಾಗುತ್ತದೆ, ಬೇಗ ಬೀಜಕ್ಕೆ ತಿರುಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಕುಂಡವನ್ನು ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆಗೆ ಸರಿಸಿ, ಮಣ್ಣಿನ ಮೇಲೆ ಒಣ ಎಲೆಗಳ ಹೊದಿಕೆ ಹಾಕಿ. ಬೇಸಿಗೆ ಸೌಮ್ಯವಾಗಿರುವ ಕಡೆ ವಸಂತದಲ್ಲಿ ಬಿತ್ತಿದರೆ ಸರಿ. ಬೇಸಿಗೆ ಕಡು, ಚಳಿ ಹಗುರ ಎನ್ನುವ ಕಡೆ ಬೇಸಿಗೆ ಕಳೆದು ಹವೆ ತಂಪಾಗತೊಡಗಿದಾಗ ಬಿತ್ತಬೇಕು. ಲೆಕ್ಕ ಸುಲಭ: ಬಿತ್ತಿದ 45ರಿಂದ 60 ದಿನಗಳಿಗೆ ಮೊದಲ ಹೂ ಬರುತ್ತದೆ. ಆ ಹೊತ್ತಿಗೆ ಮುಂದೆ ಎರಡು ಮೂರು ತಿಂಗಳಾದರೂ ತಂಪು ಇರಬೇಕು.

ಇನ್ನು ನೀವು ಹಾಕಿದ ಗೊಬ್ಬರ. ಯಾವುದೆಂದು ಬರೆದಿಲ್ಲ, ಸಾರಜನಕ ಹೆಚ್ಚಿರುವುದಾದರೆ ಅದನ್ನು ಈಗಲೇ ನಿಲ್ಲಿಸಿ. ಅದು ಎಲೆಯನ್ನು ಹೆಚ್ಚಿಸುತ್ತದೆ, ಹೂವನ್ನಲ್ಲ. ಜೊತೆಗೆ ಮೆತ್ತಗಿನ ಕುಡಿಗಳಿಗೆ ಗಿಡಹೇನುಗಳನ್ನು ಕರೆದು ಕೂರಿಸುತ್ತದೆ. ಬಿತ್ತುವ ಮೊದಲು ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಒಂದಿಷ್ಟು ಬೆರೆಸಿದ್ದರೆ ಈ ಗಿಡಕ್ಕೆ ಹೆಚ್ಚೇನೂ ಬೇಡ. ಹೇನು ಬಂದಿದ್ದರೆ ಎಲೆಯ ಅಡಿಗೆ ಜೋರಾಗಿ ನೀರು ಚಿಮ್ಮಿಸಿ ತೊಳೆಯಿರಿ. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಬೂದಿರೋಗ. ಹಾಳಾದ ಎಲೆಗಳನ್ನು ತೆಗೆದುಹಾಕಿ, ನೀರನ್ನು ಬುಡಕ್ಕಷ್ಟೇ ಕೊಡಿ, ಗಿಡಗಳ ನಡುವೆ ಗಾಳಿಯಾಡಲು ಬಿಡಿ.

ಮುಂದಿನ ಸಲ ಬಿತ್ತುವಾಗ ಬೀಜವನ್ನು ಸುಮಾರು 1 ಸೆಂಟಿಮೀಟರ್ ಆಳಕ್ಕೆ ಹಾಕಿ ಮಣ್ಣು ಮುಚ್ಚಿ, ಏಕೆಂದರೆ ಮೊಳೆಯಲು ಅದಕ್ಕೆ ಕತ್ತಲೆ ಬೇಕು. 15ರಿಂದ 20 ಡಿಗ್ರಿಯ ತಂಪಿನಲ್ಲಿ ಒಂದೆರಡು ವಾರಗಳಲ್ಲಿ ಮೊಳಕೆ ಏಳುತ್ತದೆ. ಬೆಳೆಯುವ ಜಾಗದಲ್ಲೇ ಬಿತ್ತುವುದು ಮೇಲು. ತಾಯಿಬೇರು ನೇರ ಇಳಿಯುವ ಗಿಡವಾದ್ದರಿಂದ ಬಲಿತ ಸಸಿಯನ್ನು ಕಿತ್ತು ನೆಟ್ಟರೆ ಸೊರಗುತ್ತದೆ. ಗಿಡದಿಂದ ಗಿಡಕ್ಕೆ 25ರಿಂದ 30 ಸೆಂಟಿಮೀಟರ್ ಅಂತರವಿರಲಿ. ಹೆಚ್ಚಾಗಿ ಎದ್ದ ಸಸಿಗಳನ್ನು ಕೀಳಲು ಮನಸ್ಸಾಗದೆ ಎಲ್ಲವನ್ನೂ ಉಳಿಸಿಕೊಂಡವರ ಕುಂಡಕ್ಕೇ ಬೂದಿರೋಗ ಮೊದಲು ಬರುವುದನ್ನು ನೋಡಿದ್ದೇನೆ. ಸಸಿ ಒಂದು ಗೇಣು ಎತ್ತರವಾದಾಗ ನಡುಕುಡಿಯನ್ನು ಚಿವುಟಿದರೆ ಪೊದೆಯಾಗಿ ಕವಲೊಡೆಯುತ್ತದೆ. ಮೊದಲ ಹೂ ತುಸು ತಡವಾದರೂ ಹೂವಿನ ಸಂಖ್ಯೆ ಹೆಚ್ಚುತ್ತದೆ.

ನಿಮ್ಮದು ಕ್ಯಾಲೆಂಡುಲವೇ ಹೌದೇ ಎಂದೂ ಒಮ್ಮೆ ಖಚಿತಪಡಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಇದಕ್ಕೂ ಚೆಂಡು ಹೂವಿಗೂ ‘ಮಾರಿಗೋಲ್ಡ್’ ಎಂಬ ಒಂದೇ ಹೆಸರು ಹರಿದಾಡುವುದರಿಂದ ಸಲಹೆಗಳೂ ಕಲಸಿಹೋಗಿವೆ. ಚೆಂಡು ಹೂ ಅಮೆರಿಕ ಖಂಡಗಳ ಮೂಲದ್ದು, ಸೆಕೆಯನ್ನು ತಡೆದುಕೊಳ್ಳುತ್ತದೆ, ಎಲೆ ಹಕ್ಕಿಯ ಗರಿಯಂತೆ ಸೀಳಿರುತ್ತದೆ, ಉಜ್ಜಿದರೆ ಘಾಟು ವಾಸನೆ. ಕ್ಯಾಲೆಂಡುಲದ ಎಲೆ ಸೀಳಿಲ್ಲದ, ನೀಳವಾದ, ನವಿರಾದ ರೋಮವಿರುವ ಎಲೆ. ಬೀಜದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ: ಚೆಂಡು ಹೂವಿನದು ನೆಟ್ಟಗಿನ ಕಪ್ಪು ಕಡ್ಡಿ, ಕ್ಯಾಲೆಂಡುಲದ್ದು ಡೊಂಕು. ಬೇರುಗಂಟು ಮಾಡುವ ಜಂತುಹುಳುವನ್ನು ಅಡಗಿಸುವ ಗುಣಕ್ಕೆ ಹೆಸರಾದದ್ದು ಚೆಂಡು ಹೂ. ಟೊಮೆಟೊ ಗಿಡದ ಪಕ್ಕ ಕ್ಯಾಲೆಂಡುಲ ನೆಟ್ಟು ಅದೇ ಕೆಲಸ ನಿರೀಕ್ಷಿಸಬೇಡಿ.

ಋತು ಮುಗಿಯುತ್ತಾ ಬಂದಾಗ ಕೊಯ್ಯುವುದನ್ನು ನಿಲ್ಲಿಸಿ, ಚೆನ್ನಾಗಿ ಬೆಳೆದ ಗಿಡದ ನಾಲ್ಕು ಹೂಗಳನ್ನು ಬಲಿಯಲು ಬಿಡಿ. ಉಂಗುರ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೀಜ ಕಳಚಿ ಬರುವಾಗ ಬಿಡಿಸಿ ಕಾಗದದ ಪೊಟ್ಟಣದಲ್ಲಿಡಿ. ಒಂದೇ ಹೂವಿನ ಬೀಜಗಳು ಒಂದೇ ಆಕಾರದಲ್ಲಿ ಇರುವುದಿಲ್ಲ: ಕೆಲವು ಉದ್ದನೆಯ ಮುಳ್ಳುಕೊಕ್ಕೆ, ಕೆಲವು ದೋಣಿ, ಕೆಲವು ಬಿಗಿಯಾದ ಉಂಗುರ. ಜೊಳ್ಳೆಂದು ಯಾವುದನ್ನೂ ಎಸೆಯಬೇಡಿ, ಮೂರೂ ಬಗೆಯವು ಮೊಳೆಯುತ್ತವೆ. ಕಿತ್ತಳೆ, ಹಳದಿ ಎರಡೂ ಬಣ್ಣದ ಗಿಡಗಳು ಅಕ್ಕಪಕ್ಕ ಇದ್ದರೆ ಜೇನುನೊಣಗಳು ಪರಾಗ ಬೆರೆಸಿರುತ್ತವೆ, ಹಾಗಾಗಿ ಪೊಟ್ಟಣದ ಮೇಲೆ ಬಣ್ಣ ಬರೆಯುವ ಬದಲು ದಿನಾಂಕ ಬರೆದಿಡಿ.